ಚೀಟಿಯಿಂದ ಕೋಷ್ಟಕಕ್ಕೆ: ಮುಂಬ್ರಾದ ಕನ್ನಡ ಸಾಮಗ್ರಿ ಮತ್ತು ದತ್ತಸಂಚಯದ ಪ್ರಶ್ನೆ

ಕನ್ನಡ ಸಂಶೋಧನೆಯ ಇತಿಹಾಸವನ್ನು ಒಂದು ದೃಷ್ಟಿಯಿಂದ ಚೀಟಿಗಳ ಇತಿಹಾಸವೆಂದು ಕರೆಯಬಹುದು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು 1886ರಿಂದ ಹೊರಬರತೊಡಗಿ ಎಂಟು ಸಾವಿರಕ್ಕೂ ಮಿಕ್ಕಿದ ಶಾಸನಗಳನ್ನು ತಾಲೂಕುವಾರು ಕ್ರಮಸಂಖ್ಯೆಯ ಶಿಸ್ತಿಗೆ ಒಳಪಡಿಸಿದುವು. ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಬಂದುವು. ಕನ್ನಡ ಸಾಹಿತ್ಯ ಪರಿಷತ್ತಿನ 'ಕನ್ನಡ-ಕನ್ನಡ ನಿಘಂಟು' ತನ್ನ ಮೊದಲ ಸಂಪುಟವನ್ನು 1970ರಲ್ಲಿಯೂ ಎಂಟನೆಯ ಸಂಪುಟವನ್ನು 1995ರಲ್ಲಿಯೂ ಕಂಡಿತು. ಈ ಎಲ್ಲ ಮಹಾಕಾರ್ಯಗಳ ಹಿಂದೆ ಇದ್ದುದು ಒಂದೇ ಬಗೆಯ ಶ್ರಮ: ಆಕರವನ್ನು ಓದುವುದು, ಒಂದು ಸಂಗತಿಗೆ ಒಂದು ಚೀಟಿಯಂತೆ ಬರೆದುಕೊಳ್ಳುವುದು, ಚೀಟಿಗೆ ಶೀರ್ಷಿಕೆ ಕೊಡುವುದು, ಶೀರ್ಷಿಕೆಗಳನ್ನು ಅಕಾರಾದಿಯಾಗಿ ಜೋಡಿಸುವುದು. ಚೀಟಿಯ ತಲೆಯ ಮೇಲೆ ಏನನ್ನು ಬರೆಯಬೇಕೆಂಬುದನ್ನು ನಿರ್ಣಯಿಸುವವನೇ ಸಂಶೋಧಕ. ಪೆಟ್ಟಿಗೆಯನ್ನು ಯಾರು ಬೇಕಾದರೂ ಹೊರಬಹುದಾಗಿತ್ತು.

ಪರಿಷತ್ತಿನ ನಿಘಂಟು ಮುಗಿಯುತ್ತಿದ್ದ ಕಾಲಕ್ಕೇ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಿಗೆ ಗಣಕಯಂತ್ರಗಳು ಬರತೊಡಗಿದುವು ಎಂಬುದು ಗಮನಿಸತಕ್ಕ ಸಂಗತಿ. ಆದರೆ ಅವು ಬಂದದ್ದು ಅಕ್ಷರ ಜೋಡಣೆಯ ಯಂತ್ರಗಳಾಗಿ. ಪ್ರಬಂಧವನ್ನು ಬೆರಳಚ್ಚು ಮಾಡಿಸುವ, ಅಭಿನಂದನ ಗ್ರಂಥದ ಪುಟಗಳನ್ನು ವಿನ್ಯಾಸಗೊಳಿಸುವ ಕೆಲಸಕ್ಕೆ ಅವು ಸಂದುವು. ಚೀಟಿಗಳ ಪೆಟ್ಟಿಗೆ ಮಾತ್ರ ಕಪಾಟಿನ ಮೇಲೆಯೇ ಉಳಿಯಿತು, ಅಥವಾ ಕಳೆದುಹೋಯಿತು. ಡೇಟಾಬೇಸ್ ಎಂದು ಬಳಕೆಯಲ್ಲಿರುವ ದತ್ತಸಂಚಯವನ್ನು ಕಟ್ಟುವ ವಿದ್ಯೆ ಕನ್ನಡ ವಿದ್ಯಾರ್ಥಿಗೆ ಸಂಬಂಧಿಸಿದ್ದಲ್ಲ, ಅದು 'ಆಪರೇಟರ'ನ ಕೆಲಸ ಎಂಬ ಭಾವನೆ ಅಂದು ಮೂಡಿದ್ದು ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ಈ ಭಾವನೆ ಕನ್ನಡ ಅಧ್ಯಯನಕ್ಕೆ ಉಂಟುಮಾಡಿರುವ ನಷ್ಟ ಸಾಮಾನ್ಯವಾದುದಲ್ಲ. ಕರ್ನಾಟಕದ ಹೊರಗಿನ ಕನ್ನಡದ ವಿಷಯದಲ್ಲಂತೂ ಅದು ಭರಿಸಲಾಗದ ನಷ್ಟವಾಗುವ ಸಂಭವವಿದೆ. ಇದಕ್ಕೆ ಮುಂಬ್ರಾದಂಥ ಒಂದು ಊರನ್ನು ನಿದರ್ಶನವಾಗಿ ತೆಗೆದುಕೊಂಡು ನೋಡಬಹುದು.

ಮುಂಬ್ರಾ ಠಾಣೆಯ ಆಚೆಗೆ, ಪಾರಸಿಕ್ ಗುಡ್ಡದ ಬುಡದಲ್ಲಿ, ಖಾಡಿಯ ದಂಡೆಗೆ ಒತ್ತಿಕೊಂಡಿರುವ ಊರು. ಬೋರಿಬಂದರಿನಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಓಡಿದ ರೈಲು ಮರುವರ್ಷ ಕಲ್ಯಾಣದವರೆಗೆ ಮುಂದುವರಿದಾಗ ಹಳಿ ಹಾಯ್ದುದು ಈ ಗುಡ್ಡದ ಮಗ್ಗುಲಲ್ಲಿಯೇ. ಗುಡ್ಡವನ್ನೇ ಕೊರೆದ ಪಾರಸಿಕ್ ಸುರಂಗ 1916ರಲ್ಲಿ ಸಿದ್ಧವಾದ ಮೇಲೆ ವೇಗದ ಗಾಡಿಗಳು ಮುಂಬ್ರಾವನ್ನು ತಪ್ಪಿಸಿ ಹೋಗತೊಡಗಿದುವು. ಮುಂಬಯಿಯ ಕನ್ನಡ ಸಾಹಿತ್ಯ ಚರಿತ್ರೆಯೂ ಬಹುಮಟ್ಟಿಗೆ ಈ ವೇಗದ ಗಾಡಿಯಂತೆಯೇ ನಡೆದುಕೊಂಡಿದೆ. ಕೋಟೆ, ಮಾಟುಂಗಾ, ಮಾಹಿಮ್‌ಗಳಲ್ಲಿ ನಿಂತು, ನಂತರ ಒಮ್ಮೆಲೇ ಡೊಂಬಿವಲಿಯಲ್ಲಿ ಇಳಿಯುವುದು ಅದರ ರೂಢಿ. ನಡುವಿನ ಊರುಗಳ ಕನ್ನಡ ಅದರ ಪುಟಗಳಲ್ಲಿ ಅಪರೂಪ.

ಮುಂಬ್ರಾ-ಕೌಸಾ ಪ್ರದೇಶ ಠಾಣೆ ಮಹಾನಗರಪಾಲಿಕೆಗೆ ಸೇರಿದೆ. 1992-93ರ ಗಲಭೆಗಳ ನಂತರ ಮುಂಬಯಿಯ ಹಲವು ಕೇರಿಗಳಿಂದ ಮುಸ್ಲಿಮ್ ಕುಟುಂಬಗಳು ಇಲ್ಲಿಗೆ ಬಂದು ನೆಲಸಿದುದರಿಂದ ಸಣ್ಣ ಊರಾಗಿದ್ದುದು ನಗರವಾಯಿತು. ಹೀಗೆ ಬಂದವರಲ್ಲಿ ಕರಾವಳಿಯವರೂ, ಬಯಲುಸೀಮೆಯವರೂ ಇದ್ದಾರೆ. ಭಟ್ಕಳದ ಕಡೆಯ ಮನೆಯಲ್ಲಿ ನವಾಯತಿ, ಮಂಗಳೂರಿನ ಕಡೆಯ ಮನೆಯಲ್ಲಿ ಬ್ಯಾರಿ, ವಿಜಯಪುರ ಕಲಬುರಗಿಗಳ ಕಡೆಯ ಮನೆಯಲ್ಲಿ ದಖನಿ ಮಾತು ನಡೆಯುತ್ತದೆ. ಹೋಟೆಲು ಉದ್ಯಮವನ್ನು ನಂಬಿ ಬಂದ ತುಳು ಮಾತಿನ ಕುಟುಂಬಗಳ ಸಂಗತಿಯೂ ಇದೇ. ಇವರ ಮನೆಗಳಲ್ಲಿ ಆಡುವ ಮಾತು ಕನ್ನಡವಲ್ಲ. ಆದರೆ ಹಿರಿಯರು ಓದಿದ್ದು ಕನ್ನಡ ಶಾಲೆಯಲ್ಲಿ, ಊರಿಗೆ ಕಾಗದ ಬರೆದದ್ದು ಕನ್ನಡದಲ್ಲಿ, ಲೆಕ್ಕದ ಪುಸ್ತಕ ಇಟ್ಟದ್ದು ಕನ್ನಡ ಅಂಕಿಗಳಲ್ಲಿ. ಮಕ್ಕಳ ಶಾಲೆ ಮಾತ್ರ ಉರ್ದು, ಮರಾಠಿ, ಇಲ್ಲವೆ ಇಂಗ್ಲಿಷು.

ಇಂಥ ಊರಿನ ಕನ್ನಡ ಸಾಮಗ್ರಿಯನ್ನು ಸಮೀಕ್ಷಿಸಲು ಒಬ್ಬ ಸಂಶೋಧನಾ ವಿದ್ಯಾರ್ಥಿ ಹೊರಡುತ್ತಾನೆಂದು ಭಾವಿಸಬಹುದು. ಅವನು ಮಾಡುವ ಮೊದಲ ಕೆಲಸವೆಂದರೆ ಎಕ್ಸೆಲ್‌ನಲ್ಲಿ ಒಂದು ಹಾಳೆ ತೆರೆದು ಹೆಸರು, ವಿಳಾಸ, ಮಾತೃಭಾಷೆ, ವೃತ್ತಿ, ಮನೆಯಲ್ಲಿರುವ ಪುಸ್ತಕಗಳು ಎಂದು ಅಂಕಣಗಳನ್ನು ಬರೆಯುವುದು. ಅಲ್ಲಿಯೇ ತಪ್ಪು ಸಂಭವಿಸಿಬಿಡುತ್ತದೆ. 'ಮಾತೃಭಾಷೆ' ಎಂಬುದಕ್ಕೆ ಒಂದೇ ಅಂಕಣವಿಟ್ಟಾಗ ಬ್ಯಾರಿ ಮಾತಿನ ಕುಟುಂಬ 'ಬ್ಯಾರಿ' ಎಂದು ದಾಖಲಾಗುತ್ತದೆ, ನವಾಯತಿ ಮಾತಿನ ಕುಟುಂಬ 'ಕೊಂಕಣಿ' ಅಥವಾ 'ಇತರ' ಎಂದು ದಾಖಲಾಗುತ್ತದೆ. ಕೊನೆಯಲ್ಲಿ ಕನ್ನಡ ಎಂದಿರುವ ಸಾಲುಗಳನ್ನಷ್ಟೇ ಸೋಸಿ ತೆಗೆದಾಗ ಮುಂಬ್ರಾದಲ್ಲಿ ಕನ್ನಡ ಇಲ್ಲವೇ ಇಲ್ಲ ಎಂಬ ತೀರ್ಮಾನ ಬರುತ್ತದೆ. ಯಂತ್ರ ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತು. ಭಾರತದ ಜನಗಣತಿಯೇ ಮಾತೃಭಾಷೆಯ ಜೊತೆಗೆ ಬಲ್ಲ ಇನ್ನೆರಡು ಭಾಷೆಗಳನ್ನು ಕೇಳುತ್ತ ಬಂದಿರುವಾಗ ಕನ್ನಡ ವಿಭಾಗದ ಸಮೀಕ್ಷೆ ಅಷ್ಟನ್ನೂ ಕೇಳದಿದ್ದರೆ ಅದು ಸಂಶೋಧನೆಯೆನಿಸದು. ಮನೆಮಾತು, ಶಾಲೆಯಲ್ಲಿ ಕಲಿತ ಲಿಪಿ, ಓದುವ ಭಾಷೆ, ಪತ್ರ ಬರೆಯುವ ಭಾಷೆ ಇವು ಬೇರೆ ಬೇರೆ ಸಂಗತಿಗಳು. ಒಬ್ಬ ವ್ಯಕ್ತಿಗೆ ಇವು ಒಂದಕ್ಕಿಂತ ಹೆಚ್ಚೂ ಇರಬಹುದು. ಆದುದರಿಂದ ಅವು ವ್ಯಕ್ತಿಯ ಸಾಲಿನೊಳಗಿನ ಅಂಕಣಗಳಲ್ಲ, ತಮ್ಮದೇ ಆದ ಪ್ರತ್ಯೇಕ ಕೋಷ್ಟಕ. ಯಾರು, ಯಾವ ಭಾಷೆ, ಯಾವ ಉಪಯೋಗಕ್ಕೆ ಎಂಬ ಮೂರು ಅಂಶಗಳು ಅದರ ಒಂದೊಂದು ಸಾಲಿನಲ್ಲಿದ್ದರೆ ಸಾಕು. ಕನ್ನಡಿಗನೆಂದರೆ ಯಾರು ಎಂಬ ಹಳೆಯ ವಾದ ಇಲ್ಲಿ ಕೋಷ್ಟಕವೊಂದರ ವಿನ್ಯಾಸವಾಗಿ ಎದುರು ನಿಲ್ಲುತ್ತದೆ. ಮಲಯಾಳ ಮನೆಮಾತಿನ ಸಾರಾ ಅಬೂಬಕರ್ ಅವರು ಕನ್ನಡದ ಗಣ್ಯ ಕಾದಂಬರಿಕಾರ್ತಿಯೆಂಬುದನ್ನು ಬಲ್ಲ ಯಾವ ವಿದ್ಯಾರ್ಥಿಯೂ ಈ ವಿನ್ಯಾಸವನ್ನು ಆಪರೇಟರನಿಗೆ ಬಿಟ್ಟುಕೊಡಲಾರ.

ದತ್ತಸಂಚಯವನ್ನು ಹಲವು ಚಿಕ್ಕ ಕೋಷ್ಟಕಗಳಾಗಿ ಬಿಡಿಸಿ, ಅವನ್ನು ಸಂಬಂಧಗಳಿಂದ ಹೆಣೆಯಬೇಕೆಂಬ ತತ್ತ್ವವನ್ನು 1970ರಲ್ಲಿ ಇ.ಎಫ್. ಕಾಡ್ ಎಂಬ ಗಣಿತಜ್ಞ ಪ್ರತಿಪಾದಿಸಿದ. ತತ್ತ್ವ ಸರಳವಾದುದು: ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು. ಒಬ್ಬ ಲೇಖಕನ ಹುಟ್ಟೂರನ್ನು ಅವನ ನಲವತ್ತು ಲೇಖನಗಳ ಎದುರಿಗೆ ನಲವತ್ತು ಸಲ ಬರೆದರೆ ಎರಡು ಕಡೆಯಾದರೂ ತಪ್ಪು ನುಸುಳುತ್ತದೆ, ತಿದ್ದುವಾಗ ಒಂದು ಕಡೆಯಾದರೂ ಬಿಟ್ಟುಹೋಗುತ್ತದೆ. ಲೇಖಕನಿಗೊಂದು ಸಂಖ್ಯೆ ಕೊಟ್ಟು, ಲೇಖನಗಳ ಕೋಷ್ಟಕದಲ್ಲಿ ಆ ಸಂಖ್ಯೆಯನ್ನು ಮಾತ್ರ ಬರೆದರೆ ತಿದ್ದುಪಡಿ ಒಂದೇ ಸಲದ್ದಾಗುತ್ತದೆ. ಗಣಕಶಾಸ್ತ್ರದವರು ಇದನ್ನು ಕೀಲಿ ಎನ್ನುತ್ತಾರೆ. ಕನ್ನಡ ವಿದ್ವಾಂಸರಿಗೆ ಇದು ಹೊಸದಲ್ಲ. ರೈಸ್ ಅವರ ತಾಲೂಕು ಮತ್ತು ಸಂಖ್ಯೆಯ ಉಲ್ಲೇಖಪದ್ಧತಿ ಇಂಥ ಕೀಲಿಯೇ ಆಗಿತ್ತು. ಆ ಸಂಖ್ಯೆಯನ್ನು ಕೊಟ್ಟರೆ ಸಾಕು, ಶಾಸನದ ಪಾಠ, ಕಾಲ, ಸ್ಥಳಗಳನ್ನು ಮತ್ತೆ ಬರೆಯಬೇಕಾಗಿರಲಿಲ್ಲ.

ಕೀಲಿಯ ಪ್ರಶ್ನೆ ಎಷ್ಟು ಗಹನವಾದುದೆಂಬುದಕ್ಕೆ ನಾಗವರ್ಮನ ಸಮಸ್ಯೆಯೊಂದೇ ಸಾಕು. 'ಛಂದೋಂಬುಧಿ'ಯ ನಾಗವರ್ಮ, 'ಕರ್ಣಾಟಕ ಕಾದಂಬರಿ'ಯ ನಾಗವರ್ಮ, 'ಕಾವ್ಯಾವಲೋಕನ'ದ ನಾಗವರ್ಮ ಇವರು ಒಬ್ಬರೇ, ಇಬ್ಬರೇ, ಅದಕ್ಕೂ ಹೆಚ್ಚೇ ಎಂಬ ಚರ್ಚೆ ನಡೆದಿದೆ. ಹೆಸರನ್ನೇ ಕೀಲಿಯಾಗಿ ಮಾಡಿಕೊಂಡ ದತ್ತಸಂಚಯ ಈ ಚರ್ಚೆಯನ್ನು ಕೇಳಿಸಿಕೊಳ್ಳದೆಯೇ ಮೂವರನ್ನೂ ಒಂದುಮಾಡಿಬಿಡುತ್ತದೆ. ಇದಕ್ಕೆ ವಿರುದ್ಧವಾದ ಸಂಕಟವೂ ಉಂಟು. ಕೆ.ವಿ. ಪುಟ್ಟಪ್ಪ, ಕುವೆಂಪು, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಮೂರು ನಮೂದುಗಳು ಯಂತ್ರದ ಕಣ್ಣಿಗೆ ಮೂವರು ಲೇಖಕರು. ನಾಗವರ್ಮನನ್ನು ಒಡೆಯಲೂ ಪುಟ್ಟಪ್ಪನವರನ್ನು ಕೂಡಿಸಲೂ ಬೇಕಾಗುವುದು ಸಾಹಿತ್ಯ ಚರಿತ್ರೆಯ ಜ್ಞಾನ. ಅದು ಯಾವ ಸಾಫ್ಟ್‌ವೇರಿನ ಪೆಟ್ಟಿಗೆಯಲ್ಲಿಯೂ ಬರುವುದಿಲ್ಲ. ವಾದಗ್ರಸ್ತವಾದ ಸಂದರ್ಭದಲ್ಲಿ ಪ್ರತಿಯೊಂದು ಕೃತಿಯ ಕರ್ತೃವಿಗೂ ಬೇರೆ ಸಂಖ್ಯೆ ಕೊಟ್ಟು, 'ಇವರಿಬ್ಬರೂ ಒಬ್ಬರೇ ಎಂದು ಇಂಥವರ ಮತ' ಎಂಬುದನ್ನು ಮತ್ತೊಂದು ಕೋಷ್ಟಕದಲ್ಲಿ ಇಡುವುದೇ ವಿವೇಕ. ಕೂಡಿಸಿದ್ದನ್ನು ಒಡೆಯುವುದು ಕಷ್ಟ, ಒಡೆದದ್ದನ್ನು ಕೂಡಿಸುವುದು ಸುಲಭ.

ಸ್ಥಳನಾಮಗಳ ವಿಷಯ ಇನ್ನೂ ಸ್ವಾರಸ್ಯಕರ. ಮುಂಬಯಿ, ಮುಂಬೈ, ಬೊಂಬಾಯಿ, ಬಾಂಬೆ ಎಂಬ ರೂಪಭೇದಗಳು ಸರ್ವವಿದಿತ. ಠಾಣೆ, ಠಾಣಾ, ಥಾಣೆ, ಥಾಣಾ ಎಂದು ನಾಲ್ಕು ಬಗೆ, ಡೊಂಬಿವಲಿ, ಡೊಂಬಿವಿಲಿ, ಡೊಂಬಿವ್ಲಿ ಎಂದು ಮೂರು ಬಗೆ ಮುಂಬಯಿಯ ಕನ್ನಡ ಮುದ್ರಣದಲ್ಲಿ ಕಾಣಸಿಗುತ್ತವೆ. ಕಲ್ಯಾಣದ ಪಾಡು ಇದಕ್ಕೆ ತದ್ವಿರುದ್ಧ. ಅಲ್ಲಿ ಹೆಸರು ಒಂದೇ, ಊರುಗಳು ಬೇರೆ. ಚಾಲುಕ್ಯರ ರಾಜಧಾನಿಯಾಗಿದ್ದು ಶರಣರ ಕಾರ್ಯಕ್ಷೇತ್ರವಾದ ಇಂದಿನ ಬಸವಕಲ್ಯಾಣ ಒಂದು. 'ಪೆರಿಪ್ಲಸ್' ಗ್ರಂಥದಲ್ಲಿಯೂ ಕಾನ್ಹೇರಿಯ ದಾನಶಾಸನಗಳಲ್ಲಿಯೂ ಹೆಸರು ಪಡೆದ ಠಾಣೆ ಜಿಲ್ಲೆಯ ಪುರಾತನ ಬಂದರು ಕಲ್ಯಾಣ ಇನ್ನೊಂದು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಇಟ್ಟ ಕಲ್ಯಾಣ ಕರ್ನಾಟಕವೆಂಬ ಹೆಸರು ಮತ್ತೊಂದು. 'ಗಿರಿಜಾಕಲ್ಯಾಣ'ದಂತಹ ಕೃತಿನಾಮಗಳು ಬೇರೆ. ಮುಂಬಯಿಯ ಕನ್ನಡ ಮಾಸಿಕಗಳ ಲೇಖನಸೂಚಿಯೊಂದರಲ್ಲಿ 'ಕಲ್ಯಾಣ' ಎಂದು ಹುಡುಕಿದರೆ ಅನುಭವಮಂಟಪದ ಲೇಖನವೂ, ಕಲ್ಯಾಣದ ಸಂಘವೊಂದರ ವಾರ್ಷಿಕೋತ್ಸವದ ವರದಿಯೂ, ಮದುವೆಯ ಹಾಡುಗಳ ಸಂಗ್ರಹವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಸ್ಥಳಗಳಿಗೆ ಪ್ರತ್ಯೇಕ ಕೋಷ್ಟಕವಿದ್ದು, ಪ್ರತಿಯೊಂದು ಊರಿಗೂ ಸಂಖ್ಯೆಯಿದ್ದು, ರೂಪಭೇದಗಳೆಲ್ಲ ಆ ಸಂಖ್ಯೆಯ ಕೆಳಗೆ ಬಂದರೆ ಈ ಗೊಂದಲ ನಿವಾರಣೆಯಾಗುತ್ತದೆ. ಮುದ್ರಿತ ರೂಪವನ್ನು ಅಳಿಸಿ ಎಲ್ಲವನ್ನೂ ಒಂದೇ ರೂಪಕ್ಕೆ ತಿದ್ದುವ ಉತ್ಸಾಹ ಮಾತ್ರ ಸಲ್ಲದು. ಠಾಣಾ ಎಂದು ಬರೆದವನು ಯಾವ ಕಾಲದವನು, ಮರಾಠಿಯನ್ನು ಎಷ್ಟು ಬಲ್ಲವನು ಎಂಬುದಕ್ಕೆ ಆ ಕಾಗುಣಿತವೇ ಸಾಕ್ಷಿಯಾಗಬಹುದು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಳ್ಳುವ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ.

ಕಾಲನಿರ್ದೇಶದ ತೊಡಕೂ ಇಂಥದೇ. ಎಕ್ಸೆಲ್ 1900ಕ್ಕಿಂತ ಹಿಂದಿನ ದಿನಾಂಕವನ್ನು ದಿನಾಂಕವೆಂದೇ ಒಪ್ಪುವುದಿಲ್ಲ. ಹಳೆಯ ಕನ್ನಡ ಪುಸ್ತಕಗಳ ಮುಖಪುಟದಲ್ಲಿ ಶಕವರ್ಷವಿರಬಹುದು, ಬರಿಯ ಸಂವತ್ಸರದ ಹೆಸರಿರಬಹುದು. ಪ್ರಭವ ಎಂದಷ್ಟೇ ಇದ್ದರೆ ಅದು 1867 ಆಗಬಹುದು, 1927 ಆಗಬಹುದು, 1987 ಆಗಬಹುದು. ಆದುದರಿಂದ ಆಕರದಲ್ಲಿ ಇದ್ದಂತೆ ಕಾಲಸೂಚನೆಯನ್ನು ಅಕ್ಷರರೂಪದಲ್ಲಿ ಒಂದು ಅಂಕಣದಲ್ಲಿ ಇಟ್ಟು, ಅಧ್ಯಯನಕಾರನ ಊಹೆಯ ಮೇಲೆರೆ ಕೆಳಗೆರೆಗಳನ್ನು ಬೇರೆ ಎರಡು ಅಂಕಣಗಳಲ್ಲಿ ಇಸವಿಯ ಸಂಖ್ಯೆಗಳಾಗಿ ಇಡಬೇಕು. ಮೊದಲನೆಯದು ಸಾಕ್ಷ್ಯ, ಉಳಿದೆರಡು ನಿರ್ಣಯ. ಇವೆರಡನ್ನು ಬೆರೆಸದಿರುವುದು ಸಂಶೋಧನೆಯ ಪ್ರಥಮ ಪಾಠ.

ಲಿಪಿಯ ಸಮಸ್ಯೆಗೆ ಬರುವ ಮುನ್ನ ಒಂದು ಹಿನ್ನೋಟ ಅವಶ್ಯ. ಮುಂಬಯಿಗೆ ಈ ವಿಷಯದಲ್ಲಿ ಒಂದು ಪರಂಪರೆಯೇ ಇದೆ. ಐರಾವತಂ ಮಹಾದೇವನ್ ಅವರು 1977ರಲ್ಲಿ ಪ್ರಕಟಿಸಿದ ಸಿಂಧೂ ಲಿಪಿಯ ಪದಾನುಕ್ರಮಣಿಕೆಗೆ ಬೇಕಾದ ಗಣಕಕಾರ್ಯ ನಡೆದದ್ದು ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ. ಅದೇ ಸಂಸ್ಥೆಯ ಪರಿಸರದಲ್ಲಿ ದುಡಿದ ಕೆ.ಪಿ. ರಾವ್ ಅವರು ಮುಂದೆ ರೂಪಿಸಿದ ಕೀಲಿಮಣೆಯ ವಿನ್ಯಾಸ ಇಂದು ಕನ್ನಡಿಗರ ಬೆರಳುಗಳಿಗೆ ಅಭ್ಯಾಸವಾಗಿದೆ. ಗ್ರಂಥಪಾಲರಾಗಿ ದುಡಿದು 'ಹೊಸಗನ್ನಡದ ಅರುಣೋದಯ'ದಂತಹ ಆಕರನಿಷ್ಠ ಗ್ರಂಥವನ್ನು ರಚಿಸಿದ ಶ್ರೀನಿವಾಸ ಹಾವನೂರರು ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ಮುನ್ನಡೆಸಿದವರು. ಸೂಚೀಕರಣ ಎಂಬುದು ವಿದ್ವತ್ತಿನ ಹೊರಗಿನ ಕೂಲಿಕೆಲಸವಲ್ಲ ಎಂಬುದಕ್ಕೆ ಅವರ ಬರವಣಿಗೆಯೇ ಪ್ರಮಾಣ. ಯುರೋಪಿನಲ್ಲಿ ರೋಬರ್ತೋ ಬುಸಾ ಎಂಬ ಪಾದ್ರಿ 1949ರಲ್ಲಿಯೇ ಐಬಿಎಂ ಸಂಸ್ಥೆಯ ನೆರವನ್ನು ಪಡೆದು, ತೂತು ಕೊರೆದ ಕಾರ್ಡುಗಳ ಮೂಲಕ ಥಾಮಸ್ ಅಕ್ವಿನಾಸನ ಲ್ಯಾಟಿನ್ ಕೃತಿಗಳ ಪದಸೂಚಿಗೆ ತೊಡಗಿದ್ದ. ಅದು 56 ಸಂಪುಟಗಳಾಗಿ ಮುಗಿದದ್ದು 1980ರಲ್ಲಿ. ಆ ಪಾದ್ರಿ ಯಂತ್ರಜ್ಞನಾಗಿರಲಿಲ್ಲ. ತನಗೆ ಬೇಕಾದುದು ಏನೆಂಬುದು ಅವನಿಗೆ ತಿಳಿದಿತ್ತು, ಅಷ್ಟೆ.

ಭಾರತದ ಗ್ರಂಥಾಲಯಗಳಿಗೆ 1985ರಲ್ಲಿ ಯುನೆಸ್ಕೊ ಸಿದ್ಧಪಡಿಸಿದ ಸಿಡಿಎಸ್-ಐಸಿಸ್ ಎಂಬ ದತ್ತಸಂಚಯ ವ್ಯವಸ್ಥೆ ಉಚಿತವಾಗಿ ದೊರೆಯುತ್ತಿತ್ತು. ಅದೇ ಕಾಲದ ಡಿಬೇಸ್‌ನಲ್ಲಿ ಅಂಕಣದ ಉದ್ದವನ್ನು ಮೊದಲೇ ಗೊತ್ತುಪಡಿಸಬೇಕಾಗಿದ್ದುದರಿಂದ ಉದ್ದ ಹೆಸರಿನ ಕವಿಗಳು ಅರ್ಧಕ್ಕೆ ತುಂಡಾಗುತ್ತಿದ್ದರು. ಐಸಿಸ್‌ನಲ್ಲಿ ಒಂದೇ ಅಂಶ ಎಷ್ಟು ಸಲವಾದರೂ ಮರುಕಳಿಸಬಹುದಾಗಿತ್ತು. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಅಳವಡಿಸಿದರೆ ಡಾಸ್ ಯಂತ್ರದ ಪರದೆಯ ಮೇಲೆ ಕನ್ನಡವೂ ಮೂಡುತ್ತಿತ್ತು. 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಈ ವಿದ್ಯೆಯನ್ನು ಮೇಜಿನ ಮೇಲಿನ ಸಾಮಾನ್ಯ ಯಂತ್ರಕ್ಕೆ ತಂದಿತು. ಈಗ ಲಿಬ್ರೆ ಆಫೀಸ್ ಬೇಸ್, ಎಸ್‌ಕ್ಯೂಲೈಟ್‌ಗಳು ಯಾವ ವೆಚ್ಚವೂ ಇಲ್ಲದೆ ದೊರೆಯುತ್ತವೆ. ಸಾಧನಗಳ ಅಭಾವ ಎಂಬ ನೆಪ ಈಗ ಉಳಿದಿಲ್ಲ.

ಲಿಪಿಯ ತೊಡಕು ಮಾತ್ರ ಉಳಿದಿದೆ, ಮತ್ತು ಅದು ಕಣ್ಣಿಗೆ ಕಾಣದಂಥದು. 1990ರ ದಶಕದಿಂದ ವಿಭಾಗಗಳಲ್ಲಿ ಸಂಗ್ರಹವಾದ ಕಡತಗಳು ಬಹುಪಾಲು ಅಕ್ಷರವಿನ್ಯಾಸಗಳ ಹಳೆಯ ಸಂಕೇತಗಳಲ್ಲಿವೆ. ಅಲ್ಲಿ ಯಂತ್ರದೊಳಗೆ ಇರುವುದು ಕನ್ನಡವಲ್ಲ, ಕನ್ನಡದಂತೆ ಕಾಣುವ ತುಣುಕುಗಳು. ಅಕಾರಾದಿಗೆ ಹಚ್ಚಿದರೆ ಅವು ಇಂಗ್ಲಿಷಿನ ಚಿಹ್ನೆಗಳ ಕ್ರಮದಲ್ಲಿ ನಿಲ್ಲುತ್ತವೆ. ಯೂನಿಕೋಡ್ ಈ ಸಂಕಟವನ್ನು ಬಹುಮಟ್ಟಿಗೆ ನೀಗಿದೆಯಾದರೂ ಪೂರ್ತಿಯಾಗಿ ಅಲ್ಲ. ಮುಂಬ್ರಾ ಎಂಬ ಪದವನ್ನೇ ನೋಡಬಹುದು. ಅದರ ಸೊನ್ನೆಯನ್ನು ಕೆಲವರು ಅನುಸ್ವಾರದ ಕೀಲಿಯಿಂದಲೂ ಕೆಲವರು ಕನ್ನಡ ಅಂಕಿ ಸೊನ್ನೆಯ ಕೀಲಿಯಿಂದಲೂ ಒತ್ತುತ್ತಾರೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡೂ ಬೇರೆ ಊರುಗಳು. ಡೊಂಬಿವಲಿಯ ಮೊದಲ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ಮುನ್ನೂರು ನಮೂದುಗಳಿರುವಾಗ ಐವತ್ತು ಮಾತ್ರ ಹುಡುಕಾಟಕ್ಕೆ ಸಿಕ್ಕರೆ ಉಳಿದ ಇನ್ನೂರೈವತ್ತು ಇಲ್ಲವೆಂದೇ ಅಧ್ಯಯನಕಾರ ನಂಬುತ್ತಾನೆ. ಹಳಗನ್ನಡದ ೞಕಾರ ಯೂನಿಕೋಡಿನಲ್ಲಿ ಹಕಾರಕ್ಕಿಂತಲೂ ಆಚೆ ಕುಳಿತಿರುವುದರಿಂದ, ಯಂತ್ರವು ಸಂಕೇತಗಳ ಕ್ರಮವನ್ನೇ ಅನುಸರಿಸಿದರೆ, ಆ ಅಕ್ಷರವಿರುವ ಪದಗಳೆಲ್ಲ ತಮ್ಮ ನೆಂಟರನ್ನು ಬಿಟ್ಟು ಕೊನೆಗೆ ಹೋಗುತ್ತವೆ. ಇಂಥ ಸೂಕ್ಷ್ಮಗಳನ್ನು ಪತ್ತೆಹಚ್ಚಬಲ್ಲವರು ಕೇಶಿರಾಜನನ್ನು ಪಾಠ ಹೇಳಿಸಿಕೊಂಡವರೇ ಹೊರತು ಗಣಕಕೇಂದ್ರದ ನೌಕರರಲ್ಲ. ಪರಿಹಾರವೂ ಕಠಿಣವಲ್ಲ. ಊರಿನ ಹೆಸರನ್ನು ಪ್ರತಿ ಸಲವೂ ಬೆರಳಚ್ಚು ಮಾಡದೆ, ನಮೂದು ಪತ್ರದಲ್ಲಿ ಸಿದ್ಧಪಟ್ಟಿಯಿಂದ ಆರಿಸುವಂತೆ ಮಾಡಿದರೆ ಅರ್ಧ ತಪ್ಪುಗಳು ಹುಟ್ಟುವುದೇ ಇಲ್ಲ. ಉಳಿದವನ್ನು ತಿಂಗಳಿಗೊಮ್ಮೆ ಒಂದು ಪ್ರಶ್ನೆ ಹಾಕಿ ಆಯ್ದು ತಿದ್ದಬಹುದು.

ದಕ್ಷತೆ ಎಂಬ ಮಾತಿಗೆ ಇಲ್ಲಿರುವ ಅರ್ಥ ಇದೇ. ವೇಗವಾಗಿ ಬೆರಳಚ್ಚು ಮಾಡುವುದು ದಕ್ಷತೆಯಲ್ಲ. ಛಾಯಾಚಿತ್ರಗಳನ್ನು ದತ್ತಸಂಚಯದ ಒಳಗೇ ತುರುಕಿದರೆ ಎರಡು ಗಿಗಾಬೈಟಿನ ಮಿತಿಯಿರುವ ಆಕ್ಸೆಸ್ ಕಡತ ಬೇಗನೆ ತುಂಬಿ ಕುಂಟತೊಡಗುತ್ತದೆ. ಚಿತ್ರಗಳನ್ನು ಹೊರಗಿಟ್ಟು ಅವುಗಳ ಸಂಖ್ಯೆಯನ್ನಷ್ಟೇ ಒಳಗೆ ಬರೆಯಬೇಕು. ಪದೇ ಪದೇ ಹುಡುಕುವ ಅಂಕಣಗಳಿಗೆ ಮಾತ್ರ ಸೂಚಿ ಕಟ್ಟಬೇಕು. ದಿನದ ಕೆಲಸ ಮುಗಿದೊಡನೆ ಪ್ರತಿಯೊಂದನ್ನು ಬೇರೆ ಕಡೆ ಇಡಬೇಕು. ಇವು ಅರ್ಧ ದಿನದಲ್ಲಿ ಕಲಿಯಬಹುದಾದ ಸಂಗತಿಗಳು. ಕಲಿಯಲು ತಿಂಗಳುಗಳು ಬೇಕಾಗುವುದು, ಯಾವ ಸಂಗತಿ ಯಾವ ಕೋಷ್ಟಕಕ್ಕೆ ಸೇರುತ್ತದೆಂಬ ವಿವೇಕ. ಜಯಂತ ಕಾಯ್ಕಿಣಿಯವರು ಮುಂಬಯಿಯ ಲೇಖಕರೇ ಎಂಬ ಪ್ರಶ್ನೆಗೆ ಹೌದು ಅಲ್ಲ ಎಂಬ ಉತ್ತರವಿಲ್ಲ. ದೀರ್ಘಕಾಲ ಇಲ್ಲಿದ್ದು ಬೆಂಗಳೂರಿಗೆ ಹೋದವರ ಕಥೆಗಳಲ್ಲಿ ಈ ನಗರ ಉಳಿದುಕೊಂಡಿದೆ. ವ್ಯಕ್ತಿಯ ವಾಸ ಒಂದು ಕೋಷ್ಟಕ, ಕೃತಿಯ ನೆಲೆ ಇನ್ನೊಂದು ಎಂದು ಬಿಡಿಸಿದ ಕ್ಷಣದಲ್ಲಿ ಜಗಳವೇ ಕರಗುತ್ತದೆ.

ಇಷ್ಟೆಲ್ಲ ಶ್ರಮವೇಕೆ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಹಾಕಿದರೆ ಕೃತಕ ಬುದ್ಧಿಮತ್ತೆಯ ಯಂತ್ರ ಹುಡುಕಿಕೊಡುತ್ತದೆ ಎಂಬ ವಾದ ಇತ್ತೀಚೆಗೆ ಕೇಳಿಬರುತ್ತಿದೆ. ಅಚ್ಚಾದ ಪುಸ್ತಕಗಳ ಮಟ್ಟಿಗೆ ಇದರಲ್ಲಿ ಹುರುಳಿದೆ. ವಚನಗಳನ್ನು ಪದವಾರು ಹುಡುಕಲು ನೆರವಾಗುವ 'ವಚನ ಸಂಚಯ'ದಂತಹ ಜಾಲತಾಣಗಳು ಅಧ್ಯಯನಕ್ಕೆ ಮಾಡಿರುವ ಉಪಕಾರ ದೊಡ್ಡದು. ಆದರೆ ಅಲ್ಲಿ ಹುಡುಕಲು ಸಾಧ್ಯವಾದದ್ದು ಸಂಪಾದಿತ ಪಾಠವೊಂದು ಮೊದಲೇ ಇದ್ದುದರಿಂದ. ಮುಂಬ್ರಾದ ಮನೆಯೊಂದರ ಟ್ರಂಕಿನಲ್ಲಿರುವ ರಾತ್ರಿಶಾಲೆಯ ಪ್ರಮಾಣಪತ್ರ, ಹೋಟೆಲಿನ ಕನ್ನಡ ಲೆಕ್ಕದ ಪುಸ್ತಕ, ಊರಿನಿಂದ ಬಂದ ಇನ್‌ಲ್ಯಾಂಡ್ ಪತ್ರ, ಯಕ್ಷಗಾನದ ಕರಪತ್ರ ಇವು ಯಾವ ಜಾಲದಲ್ಲಿಯೂ ಇಲ್ಲ. ಇದ್ದಾವೆಂದು ಯಾರಾದರೊಬ್ಬರು ಬರೆದಿಡದ ಹೊರತು ಯಾವ ಬುದ್ಧಿಮತ್ತೆಗೂ ಅವು ಇಲ್ಲ.

ಅವು ಬಹುಕಾಲ ಇರಲಾರವು ಎಂಬುದೇ ಇಲ್ಲಿಯ ಆತಂಕ. 2005ರ ಜುಲೈ 26ರ ಮಳೆಯಲ್ಲಿ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ನೀರು ಸುರಿದಾಗ ನೆಲಮಾಳಿಗೆಗಳಲ್ಲಿಯೂ ತಗ್ಗಿನ ಮನೆಗಳಲ್ಲಿಯೂ ಇದ್ದ ಕಾಗದದ ಗತಿಯೇನಾಯಿತೆಂಬುದನ್ನು ಮುಂಬಯಿಯ ಜನ ಬಲ್ಲರು. 2013ರ ಏಪ್ರಿಲ್ 4ರಂದು ಮುಂಬ್ರಾ ಪರಿಸರದ ಶಿಳ್‌ಫಾಟಾದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 74 ಜೀವಗಳು ಹೋದುವು. ಜೀವದ ಮುಂದೆ ಕಾಗದ ಯಾವ ಲೆಕ್ಕದ್ದೂ ಅಲ್ಲ. ಆದರೆ ಅಪಾಯದ ಕಟ್ಟಡವೆಂದು ಚೀಟಿ ಅಂಟಿದ ಮನೆಯನ್ನು ಬಿಟ್ಟು ಹೊರಡುವ ಕುಟುಂಬ ಗ್ಯಾಸಿನ ಸಿಲಿಂಡರನ್ನೂ ಪಡಿತರ ಚೀಟಿಯನ್ನೂ ತೆಗೆದುಕೊಳ್ಳುತ್ತದೆಯೇ ಹೊರತು, ಮಕ್ಕಳು ಓದಲಾರದ ಲಿಪಿಯ ಕಂತೆಯನ್ನಲ್ಲ. ಅದು ರದ್ದಿಯವನ ತಕ್ಕಡಿಗೆ ಹೋಗುತ್ತದೆ.

ಸಮೀಕ್ಷೆಗೆ ಹೊರಡುವವರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಗಲಭೆಯ ನೆನಪನ್ನು ಹೊತ್ತು ಬಂದವರು ನೆಲಸಿದ ಊರಿನಲ್ಲಿ, ಮನೆಮನೆಯ ಹೆಸರು, ವಿಳಾಸ, ಮತಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡ ಪಟ್ಟಿ ನಿರುಪದ್ರವಿಯಾದ ವಸ್ತುವಲ್ಲ. ಬಾಗಿಲು ತೆರೆದವರು ಅದನ್ನು ಸಂಶಯದಿಂದ ನೋಡಿದರೆ ಅವರ ತಪ್ಪೇನೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಏನೇ ಹೇಳಲಿ, ವಿದ್ವತ್ತಿನ ಮರ್ಯಾದೆ ಅದಕ್ಕಿಂತ ಮುಂದೆ ಹೋಗಬೇಕು. ಇಲ್ಲಿಯೂ ಕೋಷ್ಟಕಗಳನ್ನು ಬಿಡಿಸುವ ವಿದ್ಯೆಯೇ ನೆರವಿಗೆ ಬರುತ್ತದೆ. ಹೆಸರು ವಿಳಾಸಗಳ ಕೋಷ್ಟಕ ಬೇರೆ ಕಡತದಲ್ಲಿ, ಬೀಗದೊಳಗೆ, ವಿಭಾಗದ ವಶದಲ್ಲಿರಬೇಕು. ಅಧ್ಯಯನಕ್ಕೆ ತೆರೆದಿರುವ ಕಡತದಲ್ಲಿ ಮನೆಯ ಸಂಖ್ಯೆ ಮಾತ್ರ ಇರಬೇಕು. ಮತ ಎಂಬ ಅಂಕಣ ಸಂಶೋಧನೆಯ ಪ್ರಶ್ನೆಗೆ ಅನಿವಾರ್ಯವಲ್ಲದಿದ್ದರೆ ಅದನ್ನು ತೆರೆಯಲೇಬಾರದು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯುವವನಿಗೆ ಈ ಎಚ್ಚರ ಸಾಧ್ಯವೇ ಇಲ್ಲ. ಮರೆಮಾಡಬೇಕಾದದ್ದೂ ತೋರಿಸಬೇಕಾದದ್ದೂ ಅವನಲ್ಲಿ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ.

ಎಂ.ಎ. ತರಗತಿಗಳ ಸಂಶೋಧನ ವಿಧಾನದ ಪತ್ರಿಕೆಯಲ್ಲಿ ಅಡಿಟಿಪ್ಪಣಿ ಬರೆಯುವ ಕ್ರಮ, ಗ್ರಂಥಋಣ ಸಿದ್ಧಪಡಿಸುವ ಕ್ರಮಗಳಿಗೆ ಕೊಡುವ ಗಂಟೆಗಳಲ್ಲಿ ಅರ್ಧವನ್ನಾದರೂ ಕೋಷ್ಟಕವಿನ್ಯಾಸಕ್ಕೆ ಕೊಡುವುದು ಅಸಾಧ್ಯವಲ್ಲ. ಗಣಕವಿಜ್ಞಾನದ ಅಧ್ಯಾಪಕರನ್ನು ಕರೆಸಿ ಎರಡು ದಿನದ ಕಾರ್ಯಾಗಾರ ನಡೆಸಿ, ಪ್ರಮಾಣಪತ್ರ ಹಂಚಿ, ಗುಂಪುಚಿತ್ರ ತೆಗೆಸಿಕೊಳ್ಳುವುದರಿಂದ ಇದು ಆಗುವುದಿಲ್ಲ. ಅವರು ಕೊಡುವ ಉದಾಹರಣೆಗಳಲ್ಲಿ ಗಿರಾಕಿ, ಸರಕು, ರಶೀದಿಗಳಿರುತ್ತವೆ. ವಿದ್ಯಾರ್ಥಿ ಅದನ್ನು ಕಲಿತು ಮರೆಯುತ್ತಾನೆ. ಬೇಕಾಗಿರುವುದು ನಾಗವರ್ಮನಿಂದ, ಕಲ್ಯಾಣದಿಂದ, ಪ್ರಭವ ಸಂವತ್ಸರದಿಂದ ಹೊರಡುವ ಪಾಠ. ಅದನ್ನು ಹೇಳಬಲ್ಲವರು ಕನ್ನಡದ ಅಧ್ಯಾಪಕರೇ. ಅವರು ಮೊದಲು ತಾವು ಕಲಿಯಬೇಕಾಗುತ್ತದೆ ಎಂಬುದು ಸ್ವಲ್ಪ ಮುಜುಗರದ ಸಂಗತಿಯಾದರೂ ನಿಜ.

ಆರಂಭಕ್ಕೆ ಮುಂಬ್ರಾದವರೆಗೂ ಹೋಗಬೇಕಾಗಿಲ್ಲ. ವಿಭಾಗಗಳ ಕಪಾಟುಗಳಲ್ಲಿ ಮುಂಬಯಿಯ ಕನ್ನಡ ಸಂಘಗಳ ಸ್ಮರಣಸಂಚಿಕೆಗಳೂ 'ಮೊಗವೀರ', 'ಅಕ್ಷಯ', 'ನೇಸರು' ಮಾಸಿಕಗಳ ಸಂಚಿಕೆಗಳೂ ಇರುತ್ತವೆ. ವ್ಯಕ್ತಿ, ಸ್ಥಳ, ಸಂಚಿಕೆ, ಬರಹ ಎಂಬ ನಾಲ್ಕು ಕೋಷ್ಟಕಗಳು, ಬರಹವನ್ನೂ ವ್ಯಕ್ತಿಯನ್ನೂ ಬೆಸೆಯುವ ಐದನೆಯದು. ಇಷ್ಟನ್ನು ಕಟ್ಟಿಕೊಂಡು ಒಂದು ತರಗತಿಯ ವಿದ್ಯಾರ್ಥಿಗಳು ಒಬ್ಬೊಬ್ಬರು ಹತ್ತು ಸಂಚಿಕೆಗಳಂತೆ ನಮೂದಿಸಿದರೆ ಸ್ಮರಣಸಂಚಿಕೆಗಳ ಜಾಹೀರಾತು ಪುಟಗಳಿಂದಲೇ ಠಾಣೆ, ಕಳವಾ, ಮುಂಬ್ರಾ, ದಿವಾಗಳ ಅಂಗಡಿ ಹೋಟೆಲುಗಳ ಹೆಸರುಗಳು ಒಂದೊಂದಾಗಿ ಮೇಲೆ ಬರುತ್ತವೆ. ಯಾವ ಬೀದಿಯಲ್ಲಿ ಯಾರ ಬಾಗಿಲು ತಟ್ಟಬೇಕೆಂಬುದು ಆಗ ಗೊತ್ತಾಗುತ್ತದೆ. ಮುಂಬ್ರಾಕ್ಕೆ ನಿಧಾನದ ಗಾಡಿಯನ್ನೇ ಹಿಡಿಯಬೇಕು, ಮತ್ತು ಮಳೆಗಾಲಕ್ಕೆ ಮುಂಚೆ ಹೋಗುವುದು ಒಳ್ಳೆಯದು.